ಐವತ್ತು ತೊಟ್ಟಿಲು ಮಾಡಿಸಿ ಒಂದಕ್ಕೆ ರೊಕ್ಕ ಕೊಟ್ಟರೆ...

ಇಲ್ಲಿ ಏನೂ ಬರೆಯದೆ ಬಹಳ ದಿನ ಆಗಿತ್ತು. ಇವತ್ತು ಬರೆಸ್ತಿರೋದು ಸಿಟ್ಟು. ಹಾಗಾಗಿ ಸ್ವಲ್ಪ ಉದ್ದ ಆಗಬಹುದು, ಬ್ಲಾಗ್ ಮಿತ್ರರು ಸಹಿಸಿಕೊಳ್ಳಬೇಕು :)

ವಿಷಯ ಇಷ್ಟೇ. ಕೃತಕ ಬುದ್ಧಿಮತ್ತೆಯ (ಈಗ ಎಲ್ಲರ ಬಾಯಲ್ಲೂ 'ಎಐ') ಸಂಶೋಧನೆಗೆ ಪ್ರೋತ್ಸಾಹ ಕೊಡ್ತೀವಿ ಅಂತ ಸರ್ಕಾರಗಳು ಬಹುಮಾನದ ಸ್ಪರ್ಧೆ ನಡೆಸೋದು ಈಗ ಹಬ್ಬದ ಹಾಗೆ ಆಗಿಬಿಟ್ಟಿದೆ. ಚಾಲೆಂಜ್, ಗ್ರ್ಯಾಂಡ್ ಚಾಲೆಂಜ್, ಹ್ಯಾಕಥಾನ್... ಹೆಸರು ಬೇರೆ ಬೇರೆ, ರೀತಿ ಒಂದೇ. 2024ರ ಮಾರ್ಚ್ 7ರಂದು ಕೇಂದ್ರ ಸಂಪುಟ 10,372 ಕೋಟಿ ರೂಪಾಯಿಯ ಇಂಡಿಯಾ ಎಐ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಅದರ ಅಡಿಯಲ್ಲಿ ಇನ್ನೋವೇಶನ್ ಚಾಲೆಂಜ್ ಬಂತು: ಕೃಷಿ, ಆರೋಗ್ಯ, ಆಡಳಿತ, ಹವಾಮಾನ, ಕಲಿಕೆಯ ತೊಂದರೆ ಇರೋ ಮಕ್ಕಳು, ಎಲ್ಲದಕ್ಕೂ ಎಐ ಪರಿಹಾರ ತನ್ನಿ ಅಂತ. 2025ರಲ್ಲಿ ದೆಹಲಿಯ ಎಐ ಶೃಂಗಸಭೆಗೆ ಅಂತ ಮತ್ತೆ ಮೂರು ಸ್ಪರ್ಧೆ ಘೋಷಿಸಿದರು. ಪ್ರತಿ ಸಲ ಪೇಪರಿನಲ್ಲಿ ಓದಿದಾಗಲೂ ನನಗೆ ನೆನಪಾಗೋದು ನಮ್ಮೂರ ಬಡಿಗೇರರು.

ನಮ್ಮೂರು ಕಲಘಟಗಿ. ಹುಬ್ಬಳ್ಳಿಯಿಂದ ಕಾರವಾರ ರಸ್ತೆ ಹಿಡಿದರೆ ಸಿಗೋ ತಾಲ್ಲೂಕು ಕೇಂದ್ರ. ಹೊರಗಿನವರಿಗೆ ಗೊತ್ತಿರೋದು ತೊಟ್ಟಿಲಿನಿಂದ. ನಟ ಯಶ್ ಅವರ ಮಗುವಿಗೆ ಅಂತ ಅಂಬರೀಶ್ ಮಾಡಿಸಿದ್ದ ತೊಟ್ಟಿಲು ಟಿವಿಯಲ್ಲಿ ಬಂದ ಮೇಲಂತೂ ಕೇಳೋದೇ ಬೇಡ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಮೈತುಂಬ ಚಿತ್ರ. ಮೈಬಗ್ಗಿಸಿ ತಿಂಗಳುಗಟ್ಟಲೆ ಮಾಡೋ ಕೆಲಸ. ಮಾಡಿಸೋ ರೀತಿ ಏನು? ಹೋಗಿ ಹೇಳಬೇಕು, ಸಂಚಕಾರ (ಅಂದರೆ ಮುಂಗಡ) ಕೊಡಬೇಕು, ಕಾಯಬೇಕು. ಸಂಚಕಾರ ಇಲ್ಲ ಅಂದ್ರೆ ಕೆಲಸಕ್ಕೇ ಸಂಚಕಾರ!

ಈಗ ಯಾರಾದರೂ ಕಾರಿನಲ್ಲಿ ಬಂದು, "ಐವತ್ತು ಮಂದಿ ಐವತ್ತು ತೊಟ್ಟಿಲಾ ಮಾಡ್ರಿ. ಕಟ್ಟಿಗಿ ನಿಮ್ದ, ಬಣ್ಣ ನಿಮ್ದ, ಕೂಲಿ ನಿಮ್ದ. ಎಲ್ಲಾ ಮುಗದ ಮ್ಯಾಲೆ ನಾವು ಬಂದು ನೋಡತೇವಿ. ಚಲೋ ಕಂಡ ಒಂದಕ್ಕ ರೊಕ್ಕ ಕೊಡತೇವಿ, ಉಳದ ನಲವತ್ತೊಂಬತ್ತು ಮಂದಿಗೆ ಸರ್ಟಿಫಿಕೇಟು" ಅಂದರೆ ನಮ್ಮವರು ಏನಂತಾರೆ? ಚಹಾ ಕುಡಿಸಿ ಕಳಿಸ್ತಾರೆ. ಮರ್ಯಾದಸ್ಥರು, ಬೈಯೋದಿಲ್ಲ.

ಬಡಿಗೇರರ ಹತ್ತಿರ ಆಡೋಕೆ ನಾಚಿಕೆ ಆಗೋ ಈ ಮಾತನ್ನೇ ಸಂಶೋಧಕರ ಹತ್ತಿರ ಆಡಿದರೆ ಅದಕ್ಕೆ 'ಪ್ರೋತ್ಸಾಹ' ಅಂತ ಹೆಸರು.

ತಡೀರಿ, ಎದುರು ಪಕ್ಷದ ವಾದವನ್ನೂ ಕೇಳೋಣ. ಬಹುಮಾನದ ಪರ ಇರೋರು ಹೇಳೋದು: ಅನುದಾನ ಕೊಟ್ಟರೆ ಅಧಿಕಾರಿಗಳು ತಮಗೆ ಬೇಕಾದವರಿಗೆ ಕೊಡ್ತಾರೆ, ದುಡ್ಡು ತಿಂದು ಕೂರ್ತಾರೆ, ವರದಿ ಕಪಾಟಿಗೆ ಹೋಗುತ್ತೆ. ಬಹುಮಾನ ಆದರೆ ಗೆದ್ದವರಿಗೆ ಮಾತ್ರ ದುಡ್ಡು, ಯಾರು ಬೇಕಾದರೂ ಬರಬಹುದು. ಇದಕ್ಕೆ ಅವರು ಕೊಡೋ ದೊಡ್ಡ ಉದಾಹರಣೆ ಅಮೆರಿಕದ ರಕ್ಷಣಾ ಇಲಾಖೆಯ ಡಾರ್ಪಾ ಸಂಸ್ಥೆ ನಡೆಸಿದ ಚಾಲಕನಿಲ್ಲದ ಕಾರಿನ ಸ್ಪರ್ಧೆ. ಚಲೋ ಉದಾಹರಣೆ, ಸುಳ್ಳಲ್ಲ. 2004ರ ಮಾರ್ಚ್‌ನಲ್ಲಿ ಮೊಹಾವಿ ಮರುಭೂಮಿಯಲ್ಲಿ ಸುಮಾರು 230 ಕಿಲೋಮೀಟರ್ ದಾರಿ, 10 ಲಕ್ಷ ಡಾಲರ್ ಬಹುಮಾನ. ಎಲ್ಲಕ್ಕಿಂತ ಮುಂದೆ ಹೋದ ಗಾಡಿ ಹೋಗಿದ್ದು ಸುಮಾರು 12 ಕಿಲೋಮೀಟರ್! ಬಹುಮಾನ ಯಾರಿಗೂ ಇಲ್ಲ. ಮುಂದಿನ ವರ್ಷ ಅಕ್ಟೋಬರಿನಲ್ಲಿ ಬಹುಮಾನ 20 ಲಕ್ಷ ಡಾಲರ್ ಮಾಡಿ ಮತ್ತೆ ನಡೆಸಿದರು. ಐದು ಗಾಡಿಗಳು ಗುರಿ ಮುಟ್ಟಿದವು, ಸ್ಟ್ಯಾನ್‌ಫರ್ಡ್‌ನ 'ಸ್ಟ್ಯಾನ್ಲಿ' ಗೆದ್ದಿತು. ಇವತ್ತು ಓಡ್ತಿರೋ ಚಾಲಕನಿಲ್ಲದ ಕಾರುಗಳ ಹಿಂದೆ ಆ ಸ್ಪರ್ಧೆಯಿಂದ ಬಂದವರು ಬಹಳ ಮಂದಿ ಇದ್ದಾರೆ.

ಆದರೆ ಅದು ಯಾಕೆ ಗೆದ್ದಿತು? ನಮ್ಮ ಕಡೆ ತೆರಬಂಡಿ ನೋಡಿದವರಿಗೆ ತಟ್ಟನೆ ತಿಳಿಯುತ್ತೆ. (ಬೆಂಗಳೂರು-ಮೈಸೂರು ಕಡೆಯವರಿಗೆ: ಗಾಲಿ ಕಟ್ಟಿ, ಭಾರ ಹೇರಿದ ಬಂಡಿಯನ್ನ ಎತ್ತುಗಳಿಂದ ಎಳೆಸೋ ಶರ್ಯತ್ತು.) ಗೊತ್ತುಮಾಡಿದ ಸಮಯದಲ್ಲಿ ಯಾವ ಜೋಡಿ ಎಷ್ಟು ದೂರ ಎಳೀತು ಅಂತ ಟೇಪು ಹಿಡಿದು ಅಳೀತಾರೆ. ಸುತ್ತ ನಿಂತ ಸಾವಿರ ಮಂದಿ ನೋಡ್ತಿರ್ತಾರೆ. ನಿರ್ಣಾಯಕರು ಯಾರ ಬೀಗರಾದರೂ ಆಗಲಿ, ಟೇಪು ಸುಳ್ಳು ಹೇಳಲ್ಲ. ಡಾರ್ಪಾ ಮಾಡಿದ್ದೂ ತೆರಬಂಡಿಯೇ. ಗಾಡಿ ಗುರಿ ಮುಟ್ಟಿತೋ ಇಲ್ಲವೋ, ಅಷ್ಟೇ.

ಇನ್ನೊಂದು ಮಾತು. ತೆರಬಂಡಿಯ ಬಹುಮಾನ ಎತ್ತಿಗೆ ವರ್ಷವಿಡೀ ಮೇವು ಹಾಕಲ್ಲ. ಮೊದಲೇ ಹತ್ತಿಕಾಳು, ಹಿಂಡಿ ಹಾಕಿ ಎತ್ತು ಸಾಕೋ ಶಕ್ತಿ ಇದ್ದವರು ಮಾತ್ರ ಅಲ್ಲಿ ಇಳೀತಾರೆ. ಸ್ಟ್ಯಾನ್‌ಫರ್ಡ್ ತಂಡದ ಹಿಂದೆ ಆ ವಿಶ್ವವಿದ್ಯಾಲಯ ಇತ್ತು, ಕಾರು ಕೊಟ್ಟ ಫೋಕ್ಸ್‌ವ್ಯಾಗನ್ ಇತ್ತು. ಬಹುಮಾನ ಆ ಎತ್ತನ್ನ ಹುಟ್ಟಿಸಲಿಲ್ಲ. ಇದ್ದ ಎತ್ತನ್ನ ಅಖಾಡಕ್ಕೆ ತಂದಿತು.

ಸರಿ. ನಮ್ಮ ಸ್ಪರ್ಧೆಗಳಲ್ಲಿ ಟೇಪು ಎಲ್ಲಿದೆ? ಮೇವು ಎಲ್ಲಿದೆ?

ಟೇಪಿನ ಕಥೆ ಮೊದಲು. ನಾನು ಒಮ್ಮೆ ಇಂಥದ್ದೊಂದು ಹ್ಯಾಕಥಾನಿಗೆ ಹೋಗಿದ್ದೆ (ಯಾವುದು, ಯಾರದು ಅನ್ನೋದು ಬೇಡ). ವಿಷಯ 'ರೈತರಿಗಾಗಿ ಧ್ವನಿ ಸಹಾಯಕ'. ಪ್ರತಿ ತಂಡಕ್ಕೆ ಐದು ನಿಮಿಷ, ಇಂಗ್ಲಿಷಿನಲ್ಲಿ, ಪರದೆ ಮೇಲೆ ಬಣ್ಣದ ಸ್ಲೈಡು. ಮಾರುಕಟ್ಟೆ ಎಷ್ಟು ದೊಡ್ಡದು, ಮೂರು ವರ್ಷದಲ್ಲಿ ಎಷ್ಟು ಬಳಕೆದಾರರು, ಆದಾಯ ಎಲ್ಲಿಂದ... ಇದೇ ಪ್ರಶ್ನೆಗಳು. ಆ ಇಡೀ ದಿನದಲ್ಲಿ ಒಬ್ಬ ನಿರ್ಣಾಯಕರೂ "ಅದರ ಮುಂದೆ ಕನ್ನಡದಲ್ಲಿ ಒಂದು ಮಾತಾಡಿ ತೋರಿಸಿ" ಅನ್ನಲಿಲ್ಲ! ಎತ್ತನ್ನ ಬಂಡಿಗೆ ಹೂಡದೆ, ಕೋಡಿಗೆ ಹಚ್ಚಿದ ಬಣ್ಣ ನೋಡಿ ಬಹುಮಾನ ಕೊಟ್ಟ ಹಾಗೆ.

ಮೇವಿನ ಕಥೆಗೆ ಇಂಗ್ಲೆಂಡಿಗೆ ಹೋಗೋಣ, ಯಾಕಂದರೆ ಬಹುಮಾನದ ಭಕ್ತರು ಡಾರ್ಪಾ ಬಿಟ್ಟರೆ ಹೇಳೋದು ಅಲ್ಲಿನದೇ. 1714ರಲ್ಲಿ ಬ್ರಿಟಿಷ್ ಸಂಸತ್ತು, ಸಮುದ್ರದ ಮೇಲೆ ಹಡಗಿನ ರೇಖಾಂಶ ಕಂಡುಹಿಡಿಯೋ ಉಪಾಯಕ್ಕೆ 20,000 ಪೌಂಡಿನವರೆಗೆ ಬಹುಮಾನ ಇಟ್ಟಿತು. ಗಡಿಯಾರ ಮಾಡಿ ಅದನ್ನ ಸಾಧಿಸಿದ್ದು ಜಾನ್ ಹ್ಯಾರಿಸನ್. ಮೂಲದಲ್ಲಿ ಬಡಿಗ! ನೋಡಿ, ಹಳ್ಳಿಯ ಬಡಿಗ ಕೂಡ ಬಹುಮಾನದಿಂದ ಮೇಲೆ ಬಂದ ಅಂತ ಕಥೆ ಹೇಳ್ತಾರೆ. ಅರ್ಧ ಕಥೆ ನುಂಗಿಬಿಡ್ತಾರೆ. ಆ ಬಹುಮಾನದ ಮಂಡಳಿ 1737ರಿಂದಲೇ ಹ್ಯಾರಿಸನ್‌ಗೆ ಕೆಲಸ ಮುಂದುವರಿಸೋಕೆ ಅಂತ ಆಗಾಗ ಹಣ ಕೊಡ್ತಾ ಬಂತು. ಕೊನೆಯ ಹಣ ಕೈಗೆ ಬಂದಿದ್ದು 1773ರಲ್ಲಿ, ಮುದುಕನಾದ ಮೇಲೆ, ಜಗಳ ಆಡಿ. ನಡುವಿನ ಆ ಮೂವತ್ತಾರು ವರ್ಷ ಅವನ ಕೆಲಸ ಸಾಗಿದ್ದರಲ್ಲಿ ಆ ಸಂಚಕಾರದ ಪಾಲು ದೊಡ್ಡದು. ಬಹುಮಾನದ ಚರಿತ್ರೆಯಲ್ಲೇ ಅತಿ ಪ್ರಸಿದ್ಧ ಬಹುಮಾನ ನಡೆದಿದ್ದೂ ಮುಂಗಡದ ಮೇಲೆ.

ಅಷ್ಟು ದೂರ ಯಾಕೆ, ನಮ್ಮ ಕೇಂದ್ರ ಸರ್ಕಾರವೇ 2020ರಲ್ಲಿ ಎರಡು ರೀತಿಯನ್ನೂ ಮಾಡಿ ತೋರಿಸಿತು. ಕೊರೋನಾ ಲಾಕ್‌ಡೌನಿನಲ್ಲಿ ವಿಡಿಯೋ ಕಾನ್ಫರೆನ್ಸಿಗೆ ದೇಶಿ ತಂತ್ರಾಂಶ ಬೇಕು ಅಂತ ಸ್ಪರ್ಧೆ ಇಟ್ಟರು. ಅದರಲ್ಲಿ ಮೊದಲ ಸುತ್ತಿಗೆ ಆಯ್ಕೆಯಾದ ತಂಡಗಳಿಗೆ 5 ಲಕ್ಷ, ಮುಂದಿನ ಸುತ್ತಿನಲ್ಲಿ ಮಾದರಿ ತಯಾರಿಸೋಕೆ 20 ಲಕ್ಷ, ಗೆದ್ದವರಿಗೆ 1 ಕೋಟಿ ಮತ್ತು ಸರ್ಕಾರದ ಗುತ್ತಿಗೆ. ಗೆದ್ದಿದ್ದು ಯಾರು? ಬೆಂಗಳೂರಲ್ಲ, ಹೈದರಾಬಾದ್ ಅಲ್ಲ. ಕೇರಳದ ಚೇರ್ತಲ ಅನ್ನೋ ಸಣ್ಣ ಊರಿನ ಟೆಕ್‌ಜೆನ್‌ಶಿಯಾ. ಹಂತ ಹಂತಕ್ಕೆ ಮೇವು ಹಾಕಿದ್ದರಿಂದ ಸಣ್ಣ ಊರಿನ ಎತ್ತೂ ಕಡೆಯವರೆಗೆ ನಿಂತಿತು ಅಂತ ನಾನು ಓದಿಕೊಳ್ತೀನಿ.

ಅದೇ ವರ್ಷ ಜುಲೈನಲ್ಲಿ ಆತ್ಮನಿರ್ಭರ ಆ್ಯಪ್ ಸ್ಪರ್ಧೆ. 6,940 ಅರ್ಜಿ, 24 ವಿಜೇತರು. ಈಗಾಗಲೇ ಇದ್ದ ಆ್ಯಪ್‌ಗಳಿಗೆ ಬಹುಮಾನ, ಫೋಟೋ, ಚಪ್ಪಾಳೆ. ಗೆದ್ದವರಲ್ಲಿ ನಮ್ಮ ಬೆಂಗಳೂರಿನ 'ಕೂ' ಕೂಡ ಇತ್ತು, ಮೊದಲು ಕನ್ನಡದಲ್ಲೇ ಶುರುವಾದ ಕೂ. ನಮ್ಮಲ್ಲಿ ಎಷ್ಟೋ ಜನ ಖಾತೆ ತೆಗೆದಿದ್ದೆವು, ನೆನಪಿದೆಯಾ? 2024ರ ಜುಲೈನಲ್ಲಿ ಅದು ಬಾಗಿಲು ಹಾಕಿತು. ಮುಚ್ಚಿದ್ದಕ್ಕೆ ಬಹುಮಾನ ಕಾರಣ ಅಂತ ನಾನು ಹೇಳ್ತಿಲ್ಲ, ವ್ಯಾಪಾರದ ಕಾರಣಗಳು ಬೇರೆ. ನನ್ನ ಪ್ರಶ್ನೆ ಸಣ್ಣದು: ಸಾರ್ವಜನಿಕರ ದುಡ್ಡು ಹೋದ ಮೇಲೆ ಸಾರ್ವಜನಿಕರ ಕೈಯಲ್ಲಿ ಏನು ಉಳೀತು?

ಈಗ ಕನ್ನಡಕ್ಕೆ ಬರ್ತೀನಿ. ನನ್ನ ಸಿಟ್ಟಿನ ಬೇರು ಇರೋದು ಇಲ್ಲೇ.

ಎಐ ಅನ್ನೋದು ಗಾಳಿಯಲ್ಲಿ ಹುಟ್ಟಲ್ಲ. ಯಂತ್ರಕ್ಕೆ ಒಂದು ಭಾಷೆಯ ಮಾತು ತಿಳೀಬೇಕಾದರೆ ಆ ಮಾತನ್ನ ಸಾವಿರಾರು ಗಂಟೆ ಕೇಳಿಸಬೇಕು, ಕೇಳಿಸಿದ್ದನ್ನ ಯಾರಾದರೂ ಕೂತು ಬರೆದುಕೊಟ್ಟಿರಬೇಕು. ಇಂಗ್ಲಿಷಿಗೆ ಇದು ರಾಶಿ ಬಿದ್ದಿದೆ. ಕನ್ನಡಕ್ಕೆ ಕಡಿಮೆ. ಧಾರವಾಡದ ಕಡೆಯ ಕನ್ನಡಕ್ಕೆ ಇನ್ನೂ ಕಡಿಮೆ. ನಮ್ಮ ಕಾಕಾ ಒಂದು ಆ್ಯಪಿಗೆ (ಹೆಸರು ಬೇಡ) "ಗ್ವಾಂಜಾಳಕ್ಕ ಲದ್ದಿಹುಳ ಬಿದ್ದಾವ, ಏನ್ ಹೊಡೀಬೇಕ್ರೀ" ಅಂತ ಕೇಳಿದರು. ಅದು ಮೂರು ಸಲವೂ ಬೇರೆ ಬೇರೆ ಏನೋ ಬರೆದು, ಕೊನೆಗೆ 'ದಯವಿಟ್ಟು ಸ್ಪಷ್ಟವಾಗಿ ಮಾತನಾಡಿ' ಅಂತು. ಕಾಕಾ ಫೋನು ನನ್ನ ಕೈಗೆ ಕೊಟ್ಟು "ಇದಕ್ಕ ಕನ್ನಡಾ ಬರೂದಿಲ್ಲಪಾ" ಅಂದರು. ಅರವತ್ತು ವರ್ಷ ಹೊಲದಲ್ಲಿ ಮಾತಾಡಿದ ಮನುಷ್ಯನಿಗೆ ಸ್ಪಷ್ಟವಾಗಿ ಮಾತಾಡು ಅಂತೆ!

ನಗಬಹುದು. ಆದರೆ ಇದು ನಗೋ ವಿಷಯ ಅಲ್ಲ. ಗೋವಿನಜೋಳಕ್ಕೆ ಬೀಳೋ ಹೊಸ ಸೈನಿಕ ಹುಳು ದೇಶದಲ್ಲಿ ಮೊದಲು ಕಂಡಿದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲೇ. ಅಂಥ ಹುಳುವಿಗೆ ಔಷಧ ಕೇಳೋದು ಎರಡು ದಿನ ತಡವಾದರೆ ಸುಳಿ ಹೋಗುತ್ತೆ. ಬೆಳೆ ವಿಮೆಯಲ್ಲಿ ಆಲಿಕಲ್ಲು ಮಳೆಯಂಥ ಸ್ಥಳೀಯ ನಷ್ಟವನ್ನ 72 ಗಂಟೆಯೊಳಗೆ ತಿಳಿಸಬೇಕು. ನಾಳೆ ಆ ದೂರು ತಗೊಳ್ಳೋದು ಮನುಷ್ಯನ ಬದಲು ಯಂತ್ರ ಆದರೆ, ಆ ಯಂತ್ರಕ್ಕೆ ಕುಂದಗೋಳದ, ನವಲಗುಂದದ, ಕಲಘಟಗಿಯ ಮಾತು ತಿಳಿಯದಿದ್ದರೆ, 72 ಗಂಟೆ ಯಾರ ಲೆಕ್ಕಕ್ಕೆ?

ಹಾಗಾದರೆ ಕೊರತೆ ಇರೋದು ಯಾವುದರದ್ದು? ಬುದ್ಧಿವಂತ ಹುಡುಗರದ್ದಲ್ಲ. ಐಡಿಯಾದ್ದಂತೂ ಅಲ್ಲವೇ ಅಲ್ಲ. ಕೊರತೆ ಇರೋದು ಕೂತು ಮಾಡಬೇಕಾದ, ಚಪ್ಪಾಳೆ ಬೀಳದ ಕೆಲಸದ್ದು. ಮಾತು ಕೂಡಿಸೋದು, ಬರೆದಿಡೋದು, ತಿದ್ದೋದು, ವರ್ಷಗಟ್ಟಲೆ ಕಾಪಾಡೋದು. ಬಹುಮಾನ ಅನ್ನೋದು ಈ ಕೆಲಸವನ್ನ ಮಾತ್ರ ಮಾಡಿಸಲಾರದು, ಯಾಕಂದರೆ ಇದರಲ್ಲಿ 'ಗೆಲ್ಲೋದು' ಅಂತ ಇಲ್ಲವೇ ಇಲ್ಲ.

ಈ ಕೆಲಸ ಮಾಡಿದವರು ಇಲ್ಲ ಅಂತಲ್ಲ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಕಾಲೇಜಿನವರು ಕೃಷಿ ಉತ್ಪನ್ನದ ಬೆಲೆ ಮತ್ತು ಹವಾಮಾನವನ್ನ ಫೋನಿನಲ್ಲಿ ಕನ್ನಡದಲ್ಲೇ ಕೇಳಿ ತಿಳಿಯೋ ವ್ಯವಸ್ಥೆ ಕಟ್ಟೋಕೆ ರಾಜ್ಯದ ಬೇರೆ ಬೇರೆ ಕಡೆಯ ಸಾವಿರಾರು ರೈತರ ಧ್ವನಿ ಕೂಡಿಸಿದರು. ಇದು ಹತ್ತು ವರ್ಷದ ಹಿಂದಿನ ಮಾತು, ಎಐ ಅನ್ನೋ ಜ್ವರ ಬರೋ ಮೊದಲು. ಬಹುಮಾನದ ಸ್ಪರ್ಧೆ ಅಲ್ಲ, ಕೇಂದ್ರದ ಅನುದಾನದ ಯೋಜನೆ. ಬೆಂಗಳೂರಿನ ಐಐಎಸ್‌ಸಿಯವರು ರೆಸ್ಪಿನ್ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಒಳನುಡಿಗಳ ಮಾತು ಸಂಗ್ರಹಿಸಿದರು. ಅದಕ್ಕೆ ನೆರವು ಗೇಟ್ಸ್ ಫೌಂಡೇಶನ್ನಿನದು. 2022ರ ಕೊನೆಗೆ ಶುರುವಾದ 'ವಾಣಿ' ಯೋಜನೆ ದೇಶದ ಜಿಲ್ಲೆ ಜಿಲ್ಲೆಯಿಂದ ಮಾತು ಕೂಡಿಸೋಕೆ ಹೊರಟಿತು, ಅದಕ್ಕೆ ಬೆನ್ನಿಗೆ ನಿಂತಿದ್ದು ಗೂಗಲ್. ಜಿಲ್ಲೆಗೊಂದು ಮಾತು ಬೇರೆ ಅನ್ನೋ ಸಣ್ಣ ಸತ್ಯಕ್ಕೆ ದುಡ್ಡು ಹಾಕೋಕೆ ಅಮೆರಿಕದವರೂ ಬಂದರು. ನಮ್ಮ ಸರ್ಕಾರ ಮಾಡಿದ್ದರಲ್ಲಿ ಒಂದು ನೋಡಿ. ಭಾಷಿಣಿ ಯೋಜನೆಯಲ್ಲಿ 'ಭಾಷಾದಾನ' ಅಂತ ಒಂದು ತಾಣ ಮಾಡಿ, ನಿಮ್ಮ ಧ್ವನಿ ದಾನ ಮಾಡಿ ಅಂತು.

ಈ ಒಂದು ಪದ ನನಗೆ ನಿದ್ದೆ ಕೆಡಿಸಿದೆ. ಆ್ಯಪು ಮಾಡೋನಿಗೆ ಬಹುಮಾನ, ಮಾತು ಕೊಡೋನಿಗೆ ದಾನದ ಪುಣ್ಯ! ಮಾತು ಇಲ್ಲದೆ ಆ್ಯಪು ಇಲ್ಲ. ಹೊಲದವನು ದಾನಿ, ಕೋರಮಂಗಲದವನು ವಿಜೇತ. ಇದ್ಯಾವ ನ್ಯಾಯ ಸ್ವಾಮಿ?

ಬೇರೆ ದಾರಿ ಇದೆ ಅನ್ನೋದಕ್ಕೂ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಬೆಂಗಳೂರಿನ 'ಕಾರ್ಯ' ಅನ್ನೋ ಸಂಸ್ಥೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಜನರಿಂದ ಕನ್ನಡ ವಾಕ್ಯ ಓದಿಸಿ, ಗಂಟೆಗೆ ಸುಮಾರು 5 ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ 400 ರೂಪಾಯಿ ಕೊಟ್ಟಿದ್ದು 2023ರಲ್ಲಿ ದೊಡ್ಡ ಸುದ್ದಿ ಆಗಿತ್ತು. ಈಗ ಬೆರಳು ಮಡಚಿ ಲೆಕ್ಕ ಹಾಕಿ. ಒಂದು ಕೋಟಿ ಬಹುಮಾನದ ದುಡ್ಡನ್ನ 400ರಿಂದ ಭಾಗಿಸಿದರೆ 25,000 ಗಂಟೆಯ ಕೂಲಿ. ಬರೆದುಕೊಡೋರು, ತಿದ್ದೋರು, ಓಡಾಟ ಎಲ್ಲಾ ಕಳೆದು ಹತ್ತರಲ್ಲಿ ಒಂದು ಪಾಲು ಉಳೀತು ಅಂತಲೇ ಇಟ್ಟುಕೊಳ್ಳಿ: 2,500 ಗಂಟೆ ಧಾರವಾಡ ಜಿಲ್ಲೆಯ ಮಾತು! ಅದು ಒಬ್ಬ ವಿಜೇತನ ಸ್ವತ್ತಲ್ಲ. ಮುಂದೆ ಬರೋ ಪ್ರತಿಯೊಬ್ಬ ಹುಡುಗ, ಹುಡುಗಿಗೂ ಮೇವು.

"ಬರೀ ಬಹುಮಾನ ಅಲ್ಲಪ್ಪ, ಸರ್ಕಾರ ಬೇರೇನೂ ಮಾಡ್ತಿದೆ" ಅಂತ ಕೆಲವರು ಹೇಳಬಹುದು. ನಿಜ. ಇಂಡಿಯಾ ಎಐ ಮಿಷನ್ನಿನಲ್ಲಿ ದೊಡ್ಡ ಕಂಪ್ಯೂಟರುಗಳನ್ನ ಕಡಿಮೆ ಬಾಡಿಗೆಗೆ ಕೊಡ್ತಾರೆ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸರ್ವಮ್ ಕಂಪನಿಯನ್ನ ದೇಶಿ ಭಾಷಾ ಮಾದರಿ ಕಟ್ಟೋಕೆ ಆರಿಸಿ ನಾಲ್ಕು ಸಾವಿರಕ್ಕೂ ಹೆಚ್ಚು ಜಿಪಿಯು ಒದಗಿಸೋ ನಿರ್ಧಾರ ಮಾಡಿದರು. ಅಂದರೆ ಕೆಲಸಕ್ಕೆ ಮೊದಲೇ ಕೈಗೆ ಸಾಧನ ಕೊಡಬೇಕು ಅನ್ನೋದು ಸರ್ಕಾರಕ್ಕೆ ಚೆನ್ನಾಗಿ ಗೊತ್ತು! ದೊಡ್ಡವರಿಗೆ ಸಂಚಕಾರ, ಸಣ್ಣವರಿಗೆ ಶರ್ಯತ್ತು. ನಾನು ಕೇಳ್ತಿರೋದು ಸಣ್ಣವರಿಗೂ ಅದೇ ಮರ್ಯಾದೆ.

ಬ್ಲಾಗಿಗರಾದ ನಮಗೆ ಇದು ಬೇರೆಯವರಿಗಿಂತ ಬೇಗ ಅರ್ಥ ಆಗಬೇಕು. ನಾವು ಕನ್ನಡದಲ್ಲಿ ಟೈಪ್ ಮಾಡೋಕೆ ಕಲಿತಿದ್ದು ಯಾವ ಬಹುಮಾನದಿಂದ? 1998ರಲ್ಲಿ ಶೇಷಾದ್ರಿವಾಸು 'ಬರಹ' ಕೊಟ್ಟರು, ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸ ಕೊಟ್ಟರು, ಕನ್ನಡ ವಿಕಿಪೀಡಿಯಾದಲ್ಲಿ ರಾತ್ರಿ ಕೂತು ಬರೆದವರು ಕೊಟ್ಟರು. ಗೆಲ್ಲೋಕೆ ಅಂತ ಮಾಡಿದ್ದಲ್ಲ ಅದು. ಹಾಗಂತ ಯಾವಾಗಲೂ ಪುಕ್ಕಟೆ ದುಡಿಮೆಯ ಮೇಲೇ ಕನ್ನಡ ನಡೀಬೇಕಾ? ಅತ್ತ ಸರ್ಕಾರಿ ಕಚೇರಿಗಳು ಎಷ್ಟೋ ವರ್ಷ ಯೂನಿಕೋಡ್ ಬಿಟ್ಟು ಹಳೇ ಫಾಂಟುಗಳಲ್ಲೇ ಕಡತ ಮಾಡಿದವು. ಆ ಕನ್ನಡವನ್ನ ಪರಿವರ್ತಿಸದೆ ಯಾವ ಯಂತ್ರವೂ ನೇರ ಓದಲಾರದು. ಸರ್ಕಾರದ ಮನೆಯಲ್ಲೇ ಇರೋ ಕನ್ನಡಕ್ಕೆ ಬೀಗ, ಹೊರಗೆ ಕನ್ನಡ ಎಐಗೆ ಬಹುಮಾನ!

ಬೈದಿದ್ದು ಸಾಕು. ಏನು ಮಾಡಬೇಕು ಅಂತ ಕೇಳಿದರೆ, ನನ್ನ ಪಟ್ಟಿ ಇದು:

1. ಮೊದಲು ಟೇಪು ಮಾಡಿ. ಪ್ರತಿ ಜಿಲ್ಲೆಯ ಮಾತಿನ ಒಂದು ಪರೀಕ್ಷಾ ಸಂಗ್ರಹ: ಎಪಿಎಂಸಿಯ ಗದ್ದಲ, ರೈತ ಸಂಪರ್ಕ ಕೇಂದ್ರದ ಸಾಲು, ಮುದುಕಿಯರ ಮಾತು ಎಲ್ಲಾ ಇರಲಿ. ಯಾವ ತಂತ್ರಾಂಶ ಎಷ್ಟು ತಪ್ಪು ಮಾಡುತ್ತೆ ಅಂತ ಎಲ್ಲರಿಗೂ ಕಾಣೋ ಹಾಗೆ ಹಾಕಿ. ಆಮೇಲೆ ಬೇಕಾದರೆ ಸ್ಪರ್ಧೆ ನಡೆಸಿ, ನಾನೇ ಬಂದು ಸೀಟಿ ಹೊಡೀತೀನಿ.

2. ಸಂಚಕಾರ ಕೊಡಿ. 2020ರ ವಿಡಿಯೋ ಸ್ಪರ್ಧೆಯ ಹಾಗೆ ಹಂತ ಹಂತಕ್ಕೆ. ಕಂಪನಿ ನೋಂದಣಿ ಇಲ್ಲದ ಕಾಲೇಜು ಮೇಷ್ಟ್ರಿಗೂ, ವಿದ್ಯಾರ್ಥಿನಿಗೂ.

3. ಮಾತು ಕೊಟ್ಟವರಿಗೆ ಕೂಲಿ ಕೊಡಿ. ದಾನ ಬೇಡ.

4. ಜನರ ದುಡ್ಡಲ್ಲಿ ಆದದ್ದು ಜನರಿಗೆ. ಗೆದ್ದವರು ತಮ್ಮ ದತ್ತಾಂಶ, ಮಾದರಿ ಮುಕ್ತವಾಗಿ ಬಿಡಬೇಕು. ಕಂಪನಿ ಮುಚ್ಚಿದರೂ ಅದು ಉಳೀಬೇಕು.

5. ಅರ್ಜಿ, ಮಂಡನೆ, ಪ್ರಶ್ನೆ ಎಲ್ಲಾ ಕನ್ನಡದಲ್ಲಿ. ನಿರ್ಣಾಯಕರಲ್ಲಿ ಒಬ್ಬರಾದರೂ ಆ ತಂತ್ರಾಂಶವನ್ನ ನಿಜಕ್ಕೂ ಬಳಸಬೇಕಾದವರು ಇರಲಿ.

6. ಕಪಾಟು ತೆರೀರಿ. ಧಾರವಾಡ ಆಕಾಶವಾಣಿ 1950ರಿಂದ ಇದೆ. ಉಳಿದಿರೋ ಧ್ವನಿಮುದ್ರಿಕೆಗಳು ಸಂಶೋಧಕರಿಗೆ ಸಿಗಲಿ. 2004ರಿಂದ ಇರೋ ಕಿಸಾನ್ ಕಾಲ್ ಸೆಂಟರಿಗೆ ನಮ್ಮ ರೈತರು ಕೇಳೋದು ಕನ್ನಡದಲ್ಲಿ. ಆ ಪ್ರಶ್ನೆ ಕನ್ನಡದಲ್ಲೇ, ರೈತರ ಹೆಸರು-ನಂಬರು ಅಳಿಸಿ, ದಾಖಲಾಗಲಿ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, ಐಐಟಿ ಇದೆ, ಐಐಐಟಿ ಇದೆ. ಮೂರೂ ಸಂಸ್ಥೆಗಳನ್ನ ಈ ಒಂದು ಕೆಲಸಕ್ಕೆ ಐದು ವರ್ಷ ಕೂರಿಸೋಕೆ ದೆಹಲಿಯ ಶೃಂಗಸಭೆ ಬೇಕಾಗಿಲ್ಲ.

ಇದರಲ್ಲಿ ಯಾವುದಕ್ಕೂ ವೇದಿಕೆ ಬೇಡ, ಬಾಗಿಲಗಲದ ಚೆಕ್ಕು ಹಿಡಿದು ಫೋಟೋ ತೆಗೆಸೋಕೆ ಆಗಲ್ಲ. ಬಹುಶಃ ಅದಕ್ಕೇ ಯಾರಿಗೂ ಬೇಡವಾಗಿದೆ.

ನಿಮ್ಮ ಊರಿನ ಕನ್ನಡ ಈ ಯಂತ್ರಗಳಿಗೆ ಎಷ್ಟು ತಿಳಿಯುತ್ತೆ? ಕುಂದಾಪುರದವರು, ಕೊಳ್ಳೇಗಾಲದವರು, ಕಾಸರಗೋಡಿನವರು, ಕಲಬುರಗಿಯವರು ನಿಮ್ಮ ಮನೆಯ ಹಿರಿಯರ ಕೈಗೆ ಫೋನು ಕೊಟ್ಟು ಅವರ ಮಾತಿನಲ್ಲೇ ಒಂದು ಪ್ರಶ್ನೆ ಕೇಳಿಸಿ ನೋಡಿ. ಅದು ಏನು ಬರೀತು ಅಂತ ಹಾಗೇ ಇಲ್ಲಿ ಕಾಮೆಂಟಿನಲ್ಲಿ ಹಾಕಿ. ನನ್ನ ವಾದ ಒಪ್ಪದವರೂ ಬರೀರಿ, ಜಗಳಕ್ಕೆ ನಾನು ಸಿದ್ಧ :)